ಐನೂರಾ ತೊಂಬತ್ತು

ಹುಮನಾಬಾದ ತಹಸೀಲ ಕಚೇರಿಯ ಅಂಗಳದಲ್ಲಿ
ಬೇವಿನ ನೆರಳು ಹನ್ನೊಂದರ ತನಕ.
ಆಮೇಲೆ ಟೇಬಲ್ಲು ಎಳೆದುಕೊಂಡು
ನೆರಳಿನ ಹಿಂದೆ ನಾನೇ ಹೋಗಬೇಕು.
ಹಾಗೆ ಎಳೆಯುವಾಗಲೇ ನೀನು ಬಂದೆ,
ಕೈಯಲ್ಲಿ ಕಾಲೇಜಿನ ಫಾರ್ಮು:
'ಅಕ್ಕಾ, ಹಿಸ್ಟರಿ ತೊಗೊಂಡ್ರ ಮುಂದ ಸ್ಕೋಪ್ ಅದಾ?'

ಅದಾ, ಇಲ್ಲ,
ಎರಡನ್ನೂ ಮನಸಿನೊಳಗೇ ಹೇಳಿ ನೋಡಿದೆ.
ಎರಡೂ ಸುಳ್ಳಿನಂತೆ ಕೇಳಿದವು.
ಕೂಡು.

ಎಂ.ಎ. ಮುಗಿದ ವರ್ಷ ನಾವು ಹದಿನೇಳು ಮಂದಿ.
ರೇವಣಪ್ಪ ಈಗ ಭಾಲ್ಕಿ ಬಸ್ಸಿನ ಕಂಡಕ್ಟರ,
ಚಿಲ್ಲರೆ ಕೊಡುವಾಗ ಇನ್ನೂ ನಾಣ್ಯದ ಇಸವಿ ನೋಡುತ್ತಾನೆ,
ಹಿಂದಿನ ಸೀಟಿನವರು ಬೈಯುತ್ತಾರೆ.
ಇಸ್ಮಾಯಿಲ ಬೀದರ ಕೋಟೆಯಲ್ಲಿ ಗೈಡು.
ಇದ್ದದ್ದನ್ನು ಹೇಳಿದರೆ ಜನ ಮೊಬೈಲು ನೋಡುತ್ತಾರೆ,
ಗುಪ್ತ ಸುರಂಗ ಎಂದರೆ ಐವತ್ತು ಹೆಚ್ಚು ಕೊಡುತ್ತಾರೆ.
ಮಲ್ಕಮ್ಮನ ಪರೀಕ್ಷೆಗಳ ಕತೆ ಬೇಡ ಬಿಡು.
ಉಳಿದವರ ನಂಬರು ಬದಲಾಗಿವೆ.
ನಾನು ಎರಡು ವರ್ಷ ಅತಿಥಿ ಉಪನ್ಯಾಸಕಿ.
ಸಂಬಳ ಯಾವಾಗ ಎಂದು ಕೇಳುವುದು
ಅತಿಥಿಗೆ ಶೋಭೆಯಲ್ಲ.

ಗೌಸೊದ್ದೀನ ಮುನ್ಶಿ ನನಗೆ ಅಲಿಫ್, ಬೇ ತಿದ್ದಿಸಿದ್ದು
ಪ್ರಬಂಧಕ್ಕೆಂದು. ಅನ್ನಕ್ಕೆಂದು
ಇಬ್ಬರಿಗೂ ಗೊತ್ತಿರಲಿಲ್ಲ.
ನಿಜಾಮನ ಕಾಲದ ಪಹಣಿ ಎಲ್ಲ ಉರ್ದುವಿನಲ್ಲಿ;
ಓದಬಲ್ಲವರು ಒಬ್ಬೊಬ್ಬರೇ ಮಣ್ಣಿಗೆ ಹೋದರು,
ಮುನ್ಶಿಯ ಕಣ್ಣಿಗೂ ಪೊರೆ ಬಂತು.
ಈಗ ಹಾಳೆಗೆ ಅರವತ್ತು ರೂಪಾಯಿ ನನಗೆ.
ಮೂಲೆಯ ಫಸಲಿ ಇಸವಿಗೆ ಮೊದಲು
ಐನೂರಾ ತೊಂಬತ್ತು ಕೂಡಿಸುತ್ತೇನೆ,
ತಿಂಗಳು ನೋಡಿ ಒಮ್ಮೊಮ್ಮೆ ತೊಂಬತ್ತೊಂದು.
ಇಷ್ಟೇ ಲೆಕ್ಕ.
'ಹತ್ತೊಂಬತ್ತುನೂರಾ ಮೂವತ್ತೇಳು' ಅಂದೆ ಅನ್ನು,
ಎದುರಿಗಿನ ಮುದುಕನ ಬೆನ್ನು ನೆಟ್ಟಗಾಗುತ್ತದೆ:
'ನಮ್ಮವ್ವ ಹುಟ್ಟಿದ ವರ್ಷ ನೋಡವಾ ಅದು!'

ಹೋದ ತಿಂಗಳು ಹಳ್ಳಿಖೇಡದ ಎರಡು ಮನೆಯವರು ಬಂದರು.
ಈ ಬದಿ ನಾಗಪ್ಪನ ಮೊಮ್ಮಕ್ಕಳು,
ಆ ಬದಿ ಬಾಗಪ್ಪನ ಮೊಮ್ಮಕ್ಕಳು,
ನಡುವೆ ನಾಲ್ಕೆಕರೆ ಹನ್ನೆರಡು ಗುಂಟೆ.
ಉರ್ದುವಿನಲ್ಲಿ ಈ ಇಬ್ಬರಿಗೂ ಒಂದೇ ಮೈ:
ಚುಕ್ಕಿ ಮೇಲಿದ್ದರೆ ನಾ,
ಕೆಳಗಿದ್ದರೆ ಬಾ.
ಪಟವಾರಿ ಅವಸರದಲ್ಲಿ ಇಡಲೇ ಇಲ್ಲವೋ,
ಇಟ್ಟದ್ದನ್ನು ಹುಳ ತಿಂದಿತೋ.
ಹುಳ ಮೇಲೂ ತಿಂದಿದೆ, ಕೆಳಗೂ ತಿಂದಿದೆ,
ಯಾರ ಪಕ್ಷವನ್ನೂ ವಹಿಸಿಲ್ಲ.

ಒಬ್ಬ ಮಡಚಿದ ನೋಟು ಪ್ಯಾಡಿನ ಕೆಳಗೆ ಸರಿಸಿದ:
'ಒಂದ್ ಚುಕ್ಕಿ ಅಷ್ಟೇರಿ ಮೇಡಂ.'
ಇತಿಹಾಸಕ್ಕೆ ಅಷ್ಟು ದೊಡ್ಡ ಸ್ಕೋಪು
ನನಗೆ ಯಾರೂ ಅಲ್ಲಿಯವರೆಗೆ ತೋರಿಸಿರಲಿಲ್ಲ.
ಸ್ಕೂಟಿಯ ಕಂತು ನೆನಪಾಯಿತು. ಸುಳ್ಳು ಹೇಳಲಾರೆ, ನೆನಪಾಯಿತು.
ಹಾಳೆ ಎತ್ತಿ ಬಿಸಿಲಿಗೆ ಹಿಡಿದೆ.
ತೂತಿನೊಳಗಿಂದ ಬೆಳಕು ಇಳಿದು
ಅಂಗೈ ಮೇಲೆ ಕೂತಿತು,
ಚುಕ್ಕಿಯಷ್ಟೇ.

ಬರೆದು ಕೊಟ್ಟೆ: ಮೊದಲ ಅಕ್ಷರ ಓದಲಾಗದು.
ಸಹಿ, ತಾರೀಖು.
ಎರಡೂ ಮನೆಯವರು ಒಂದೇ ದನಿಯಲ್ಲಿ ಬೈದರು,
ಅವರು ಕೂಡಿದ್ದು ಅದೇ ಮೊದಲಂತೆ.
ಓದಲಾಗದ್ದಕ್ಕೆ ಕೂಲಿ ಯಾರು ಕೊಡುತ್ತಾರೆ?
ಮುನ್ಶಿ ಬಸಿಗೆ ಅರ್ಧ ಚಾ ಸುರಿದು
ಸದ್ದಿಲ್ಲದೆ ನನ್ನ ಕಡೆ ಸರಿಸಿದರು.
ಅವತ್ತಿನ ಗಳಿಕೆ ಅದು.

ಇದಕ್ಕೆ ನೌಕರಿ ಅನ್ನಬೇಕೋ ಬೇಡವೋ
ನಮ್ಮಪ್ಪ ಇನ್ನೂ ತೀರ್ಮಾನ ಮಾಡಿಲ್ಲ.
ಎಲ್ಲ ಸ್ಕ್ಯಾನ್ ಆಗುತ್ತಿದೆಯಂತೆ, ಮುಂದೆ ಯಂತ್ರವೇ ಓದುವುದಂತೆ.
ಓದಲಿ.
ಹುಳ ತಿಂದ ಜಾಗಕ್ಕೆ ಬಂದಾಗ ಅದು ಏನನ್ನುತ್ತದೋ
ಕೇಳಬೇಕೆಂದು ಕಾಯುತ್ತಿದ್ದೇನೆ.

ಕಾಮರ್ಸು ಎಂದು ಬರೆದರೆ
ಇವತ್ತು ರಾತ್ರಿ ನಿಮ್ಮವ್ವ ಹೊಟ್ಟೆ ತುಂಬ ಉಣ್ಣುತ್ತಾಳೆ.
ಅದೂ ಸಣ್ಣ ಮಾತಲ್ಲ, ತಂಗೀ.
ಅಯ್ಯ, ಬೆವರು ಬಿತ್ತು ನೋಡು ಫಾರ್ಮಿನ ಮೇಲೆ,
ವಿಷಯ ಎಂಬಲ್ಲೇ ಬಿತ್ತು.
ಇನ್ನೊಂದು ಜೆರಾಕ್ಸಿಗೆ ಎರಡು ರೂಪಾಯಿ, ಆ ಅಂಗಡಿಯಲ್ಲಿ.
ಹೋಗುವ ಮುಂಚೆ,
ನೆರಳು ಮತ್ತೆ ಸರಿದಿದೆ,
ಈ ಟೇಬಲ್ಲಿನ ಆ ತುದಿ ಒಂಚೂರು ಹಿಡಿ.